ಗೋಮಾಳವನ್ನು ಹೇಗೆ ಮೇಯಿಸುವುದು: ಬಯಲುಸೀಮೆಯ ಹಳ್ಳಿಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ತುಮಕೂರು ಜಿಲ್ಲೆಯ ಶಿರಾ, ಪಾವಗಡ, ಮಧುಗಿರಿ, ಚಿಕ್ಕನಾಯಕನಹಳ್ಳಿ ಕಡೆಯ ಯಾವ ಹಳ್ಳಿಯಲ್ಲಿ ಗೋಮಾಳದ ಮಾತೆತ್ತಿದರೂ ಎರಡು ದೂರುಗಳು ಕೇಳಿಬರುತ್ತವೆ. ಇದ್ದ ಗೋಮಾಳದಲ್ಲಿ ಅರ್ಧ ಒತ್ತುವರಿಯಾಯಿತು ಎಂಬುದು ಒಂದು, ಉಳಿದ ಅರ್ಧದಲ್ಲಿ ಹುಲ್ಲಿಲ್ಲ ಎಂಬುದು ಇನ್ನೊಂದು. ಒತ್ತುವರಿಯ ವಿಷಯ ಕಂದಾಯ ಇಲಾಖೆಗೂ ನ್ಯಾಯಾಲಯಕ್ಕೂ ಸೇರಿದ್ದು. ಈ ಬರಹ ಎರಡನೆಯ ದೂರನ್ನು ಕುರಿತದ್ದು. ಉಳಿದಿರುವ ನೂರಿನ್ನೂರು ಎಕರೆಯಲ್ಲಿ ಹುಲ್ಲು ಮರಳಿ ಬರಬೇಕು, ಅದೇ ಹೊತ್ತಿಗೆ ಹಟ್ಟಿಯ ಕುರಿ, ಮೇಕೆ, ದನಗಳ ಹೊಟ್ಟೆಯೂ ತುಂಬಬೇಕು ಎಂದಾದರೆ ಹಳ್ಳಿಯ ಮುಂದೆ ಯಾವ ಯಾವ ಮೇಯಿಸುವ ಪದ್ಧತಿಗಳಿವೆ, ಯಾವುದು ಯಾರಿಗೆ ಹೊಂದುತ್ತದೆ, ಹುಲ್ಲುಗಾವಲುಗಳ ಬಗ್ಗೆ ನಡೆದಿರುವ ಸಂಶೋಧನೆ ಏನು ಹೇಳುತ್ತದೆ ಎಂಬುದನ್ನು ಒಟ್ಟಿಗೆ ಇಟ್ಟು ನೋಡುವ ಪ್ರಯತ್ನವಿದು.

ಮೊದಲು ಹುಲ್ಲನ್ನು ತೂಗಿ ನೋಡಬೇಕು

ಯಾವ ಪದ್ಧತಿ ಒಳ್ಳೆಯದು ಎಂದು ಚರ್ಚಿಸುವ ಮೊದಲು ನಮ್ಮ ನೆಲ ಎಷ್ಟು ಮೇವು ಕೊಡುತ್ತಿದೆ ಎಂಬುದು ಗೊತ್ತಿರಬೇಕು. ಇದಕ್ಕೆ ದುಬಾರಿ ಸಲಕರಣೆ ಏನೂ ಬೇಡ. ಬಿದಿರಿನ ದಬ್ಬೆಗಳಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟು ಕಟ್ಟಿಕೊಳ್ಳಬೇಕು. ಸ್ವಾತಿ ಮಳೆ ಮುಗಿಯುವ ಹೊತ್ತಿಗೆ, ಅಂದರೆ ನವೆಂಬರ್ ಮೊದಲ ವಾರದಲ್ಲಿ, ದನಕರು ಬಾಯಿಡದಂತೆ ಮುಳ್ಳು ಮುಚ್ಚಿ ಕಾಪಾಡಿದ ನಾಲ್ಕೈದು ಜಾಗಗಳಲ್ಲಿ ಆ ಚೌಕಟ್ಟನ್ನಿಟ್ಟು, ಒಳಗಿನ ಹುಲ್ಲನ್ನು ಕುಡುಗೋಲಿನಿಂದ ಬುಡಕ್ಕೆ ಕೊಯ್ದು, ಮೂರು ನಾಲ್ಕು ದಿನ ಮಾಳಿಗೆಯ ಮೇಲೆ ಒಣಗಿಸಿ, ತಕ್ಕಡಿಗೆ ಹಾಕಬೇಕು. ಕೊಯ್ಯುವಾಗ ನೆಲಕ್ಕೆ ಮುಖ ಹತ್ತಿರ ತಂದು ನೋಡಿದರೆ ತೂಕ ತಿಳಿಸದ ಸಂಗತಿಯೂ ಕಣ್ಣಿಗೆ ಬೀಳುತ್ತದೆ: ಒಂದೇ ಚೌಕದಲ್ಲಿ ಮುಷ್ಟಿಗಾತ್ರದ ಬಹುವಾರ್ಷಿಕ ಹುಲ್ಲಿನ ಬುಡಗಳು ಆರೇಳು ಇವೆಯೇ, ಅಥವಾ ಒಂದೂ ಇಲ್ಲದೆ ಬರೀ ಒಂದು ಮಳೆಗೆ ಹುಟ್ಟಿ ಒಂದು ಬಿಸಿಲಿಗೆ ಒಣಗುವ ಸಣ್ಣ ಹುಲ್ಲು ಮಾತ್ರ ಇದೆಯೇ ಎಂಬುದು. ಆ ಬುಡಗಳನ್ನೂ ಎಣಿಸಿ ಬರೆದುಕೊಳ್ಳುವುದು ಒಳ್ಳೆಯದು. ಮುಂದೆ ಪದ್ಧತಿಯನ್ನು ಆರಿಸುವಾಗ ತೂಕಕ್ಕಿಂತ ಹೆಚ್ಚಾಗಿ ಆ ಎಣಿಕೆಯೇ ಕೆಲಸಕ್ಕೆ ಬರುತ್ತದೆ.

ಲೆಕ್ಕ ಸುಲಭ. ಚದರ ಮೀಟರಿಗೆ ಸರಾಸರಿ 100 ಗ್ರಾಂ ಒಣಹುಲ್ಲು ಸಿಕ್ಕಿತೆಂದರೆ ಹೆಕ್ಟೇರಿಗೆ 1,000 ಕಿಲೋ, ಎಕರೆಗೆ ಸುಮಾರು 400 ಕಿಲೋ. ನೂರು ಎಕರೆ ಗೋಮಾಳವಿದ್ದರೆ ವರ್ಷಕ್ಕೆ 40 ಟನ್. ಇದರಲ್ಲಿ ಅರ್ಧವನ್ನು ನೆಲಕ್ಕೇ ಬಿಡಬೇಕು, ಏಕೆ ಎಂಬುದು ಮುಂದೆ ಬರುತ್ತದೆ. ಉಳಿದದ್ದು 20 ಟನ್. 25 ಕಿಲೋ ತೂಗುವ ಕುರಿ ದಿನಕ್ಕೆ ತನ್ನ ತೂಕದ ನೂರಕ್ಕೆ ಮೂರು ಪಾಲು, ಅಂದರೆ ಮುಕ್ಕಾಲು ಕಿಲೋ ಒಣಮೇವು ತಿನ್ನುತ್ತದೆಂದು ಹಿಡಿದರೆ, ಆ ನೂರು ಎಕರೆ ವರ್ಷಪೂರ್ತಿ ಸಾಕಬಲ್ಲದ್ದು ಎಪ್ಪತ್ತಮೂರು ಕುರಿಗಳನ್ನು ಮಾತ್ರ. ಹಟ್ಟಿಯಲ್ಲಿ ಐನೂರು ಕುರಿಗಳಿದ್ದರೆ ಅದೇ ಹುಲ್ಲು ಐವತ್ತಮೂರು ದಿನಕ್ಕೆ ಮುಗಿಯುತ್ತದೆ.

1966ರ ಕರ್ನಾಟಕ ಭೂಕಂದಾಯ ನಿಯಮಗಳು ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಉಚಿತ ಗೋಮಾಳ ಕಾದಿರಿಸಬೇಕೆಂದು ಹೇಳುತ್ತವೆ. ಅದೇ ಲೆಕ್ಕದಲ್ಲಿ ಆ 30 ಎಕರೆಯಿಂದ ಬಳಸಬಹುದಾದದ್ದು 6 ಟನ್. 250 ಕಿಲೋ ತೂಗುವ ಹಸು ದಿನಕ್ಕೆ ಆರು ಕಿಲೋ ಒಣಮೇವು ತಿಂದರೂ ನೂರು ಹಸುಗಳಿಗೆ ಅದು ಹತ್ತು ದಿನದ ಮೇವು. ನಮ್ಮ ಗೋಮಾಳಗಳು ಜಾನುವಾರುಗಳನ್ನು ವರ್ಷವಿಡೀ ಸಾಕುವುದಕ್ಕೆಂದು ಯಾವ ಕಾಲದಲ್ಲೂ ಇರಲಿಲ್ಲ. ರಾಗಿ ಹುಲ್ಲು, ಕಡಲೆಕಾಯಿ ಬಳ್ಳಿ, ಕೂಳೆ ಹೊಲ, ಬದುವಿನ ಗರಿಕೆ, ಬತ್ತಿದ ಕೆರೆಯಂಗಳ, ಜಾಲಿ ಕಾಯಿ ಎಲ್ಲವೂ ಸೇರಿಯೇ ಮಂದೆ ಬದುಕುತ್ತಿತ್ತು. ಗೋಮಾಳ ಆ ಸರಪಳಿಯಲ್ಲಿ ಒಂದು ಕೊಂಡಿ ಮಾತ್ರ. ಇದನ್ನು ಒಪ್ಪಿಕೊಂಡ ಮೇಲೆಯೇ ಪದ್ಧತಿಗಳ ಹೋಲಿಕೆಗೆ ಅರ್ಥ ಬರುತ್ತದೆ.

ಅರ್ಧ ಏಕೆ ಬಿಡಬೇಕು ಎಂಬುದಕ್ಕೆ ಉತ್ತರ ಬೇರಿನಲ್ಲಿದೆ. ಅಮೆರಿಕದ ಸಸ್ಯವಿಜ್ಞಾನಿ ಫ್ರಾಂಕ್ಲಿನ್ ಕ್ರೈಡರ್ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹುಲ್ಲಿನ ಎಲೆಭಾಗವನ್ನು ಅರ್ಧದೊಳಗೆ ಕತ್ತರಿಸಿದಾಗ ಬೇರಿನ ಬೆಳವಣಿಗೆಗೆ ಹೆಚ್ಚು ತೊಂದರೆಯಾಗಲಿಲ್ಲ. ನೂರಕ್ಕೆ ಎಂಬತ್ತರಷ್ಟು ಕತ್ತರಿಸಿದಾಗ ಬೇರು ಹತ್ತು ಹನ್ನೆರಡು ದಿನ ಬೆಳೆಯುವುದನ್ನೇ ನಿಲ್ಲಿಸಿತು. ನೀರಾವರಿ ಹೊಲದಲ್ಲಿ ಅದು ದೊಡ್ಡ ನಷ್ಟವಲ್ಲದಿರಬಹುದು. ವರ್ಷಕ್ಕೆ ಆರು ಏಳು ನೂರು ಮಿಲಿಮೀಟರ್ ಮಳೆ ಬೀಳುವ, ಪಾವಗಡದ ಕಡೆ ಅದಕ್ಕಿಂತಲೂ ಕಡಿಮೆ ಬೀಳುವ ನಮ್ಮ ಸೀಮೆಯಲ್ಲಿ, ಎರಡು ಹದ ಮಳೆಗಳ ನಡುವೆ ಬೇರು ಹನ್ನೆರಡು ದಿನ ನಿಂತರೆ ಆ ಹುಲ್ಲು ಮುಂದಿನ ಒಣಗಾಲವನ್ನು ತಡೆಯುವ ಆಳಕ್ಕೆ ಇಳಿಯುವುದೇ ಇಲ್ಲ.

ಈಗಿರುವ ಪದ್ಧತಿ: ವರ್ಷವಿಡೀ ಮುಕ್ತ ಮೇವು

ಇದರ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಬೇಲಿ ಬೇಡ, ಕಾವಲುಗಾರ ಬೇಡ, ಸಭೆ ಬೇಡ. ಜಮೀನಿಲ್ಲದವರ ನಾಲ್ಕು ಮೇಕೆಗೂ ಜಾಗವಿದೆ. ಜಾನುವಾರುಗಳ ಸಂಖ್ಯೆ ನೆಲದ ಶಕ್ತಿಯೊಳಗೆ ಇದ್ದರೆ ವರ್ಷವಿಡೀ ಮೇಯಿಸಿದರೂ ಹುಲ್ಲು ಉಳಿಯುತ್ತದೆ ಎಂಬುದು ಅನೇಕ ದೇಶಗಳ ಪ್ರಯೋಗಗಳಲ್ಲಿ ಕಂಡಿದೆ. ನಮ್ಮಲ್ಲಿ ತೊಂದರೆ ಇರುವುದು ಸಂಖ್ಯೆಯಲ್ಲಿ, ಅದರಲ್ಲೂ ಯಾವ ತಿಂಗಳು ಎಷ್ಟು ಪ್ರಾಣಿಗಳು ಗೋಮಾಳದ ಮೇಲಿರುತ್ತವೆ ಎಂಬುದರಲ್ಲಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹೊಲಗಳಲ್ಲೆಲ್ಲ ಬೆಳೆ ನಿಂತಿರುವುದರಿಂದ ಊರಿನ ಅಷ್ಟೂ ಜಾನುವಾರುಗಳು ಗೋಮಾಳಕ್ಕೇ ಬರುತ್ತವೆ. ಹುಲ್ಲು ತೆನೆಬಿಟ್ಟು ಬೀಜ ಕಟ್ಟುವುದೂ ಅದೇ ತಿಂಗಳುಗಳಲ್ಲಿ. ಹೀಗೆ ವರ್ಷದಿಂದ ವರ್ಷಕ್ಕೆ ಬೀಜ ನೆಲಕ್ಕೆ ಬೀಳದೆ ಹೋಗಿ ಮೊದಲು ಬಹುವಾರ್ಷಿಕ ಹುಲ್ಲು, ಆಮೇಲೆ ವಾರ್ಷಿಕ ಹುಲ್ಲು, ಕೊನೆಗೆ ಬಾಯಿಗೆ ಹಿಡಿಸದ ತಂಗಡಿ, ಬಂದರೆ, ಪಾರ್ಥೇನಿಯಂ ಉಳಿಯುತ್ತವೆ.

ಪ್ರಾಣಿಯ ಬಾಯಿಯನ್ನೂ ಇಲ್ಲಿ ನೆನೆಯಬೇಕು. ದನ ನಾಲಗೆಯಿಂದ ಹುಲ್ಲನ್ನು ಸುತ್ತಿ ಎಳೆಯುವುದರಿಂದ ಬುಡದ ಹತ್ತಿರದ ಎರಡು ಮೂರು ಬೆರಳಷ್ಟು ಉಳಿಯುತ್ತದೆ. ಸೀಳು ತುಟಿಯ ಕುರಿ ನೆಲಕ್ಕೆ ಹತ್ತಿಸಿ ಕತ್ತರಿಸುತ್ತದೆ. ಮೇಕೆ ಮೊದಲು ಎಲಚಿ, ಕಾರೆ, ಜಾಲಿಗಳ ಸೊಪ್ಪಿಗೆ ಬಾಯಿ ಹಾಕಿ, ಅದು ಮುಗಿದಾಗ ಹುಲ್ಲಿಗೆ ಬರುತ್ತದೆ. ಆದುದರಿಂದ ಕುರುಚಲು ಹೆಚ್ಚಿರುವ ಗುಡ್ಡದ ಬುಡದಲ್ಲಿ ನಂದಿದುರ್ಗ ತಳಿಯಂಥ ಮೇಕೆಗಳನ್ನು ಮೇಯಿಸುವುದು ತಪ್ಪಲ್ಲ. ಮೇಕೆಯೇ ಕಾಡಿನ ಶತ್ರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತೆರೆದ ಹುಲ್ಲುಗಾವಲನ್ನು ಬೋಳು ಮಾಡುವುದರಲ್ಲಿ ಲೆಕ್ಕ ಮೀರಿದ ಕುರಿ ಮಂದೆಯ ಪಾಲು ಮೇಕೆಗಿಂತ ಹೆಚ್ಚು.

ಪೂರ್ತಿ ಮುಚ್ಚುವುದು

ಇದಕ್ಕೆ ನೇರ ವಿರುದ್ಧವಾದದ್ದು ಗೋಮಾಳವನ್ನು ಕಂದಕ ತೋಡಿ ಮುಚ್ಚಿ, ಹುಲ್ಲನ್ನು ಕೊಯ್ದು ಮನೆಗೆ ಒಯ್ಯುವ ಪದ್ಧತಿ. ಮೊದಲ ಎರಡು ವರ್ಷ ಇದರ ಫಲ ಕಣ್ಣಿಗೆ ಹಬ್ಬ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವನ್ನು ನೋಡಿದವರಿಗೆ ಒತ್ತಡ ಕಡಿಮೆಯಾದರೆ ನಮ್ಮ ನೆಲ ಎಂಥ ಹುಲ್ಲು ಬೆಳೆಯಬಲ್ಲದು ಎಂಬುದು ಗೊತ್ತಿರುತ್ತದೆ. ಸುಮಾರು 800 ಎಕರೆಯ ಆ ಬಯಲನ್ನು 2007ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಆದರೆ ಕೃಷ್ಣಮೃಗಗಳಿಗಾಗಿ ಕಾದಿರಿಸಿದ ನೆಲಕ್ಕೂ ಊರಿನ ಜಾನುವಾರುಗಳು ನಂಬಿರುವ ಗೋಮಾಳಕ್ಕೂ ಒಂದೇ ಅಳತೆಗೋಲು ಸಲ್ಲದು.

ನಮ್ಮೂರಿನಲ್ಲೇ ಇದರ ಅನುಭವವಾಗಿದೆ. ಗೋಮಾಳದ ನಲವತ್ತು ಎಕರೆಯನ್ನು ಒಮ್ಮೆಗೇ ಮುಚ್ಚಿದೆವು. ಎರಡನೆಯ ವರ್ಷ ಮೊಣಕಾಲೆತ್ತರದ ಹುಲ್ಲು ಬಂತು. ಹಸು ಇದ್ದವರು, ಕೊಯ್ಯಲು ಮನೆಯಲ್ಲಿ ಆಳಿದ್ದವರು ಹೊರೆಹೊರೆಯಾಗಿ ಒಯ್ದರು. ಕುರಿ ಕಾಯುವ ಮನೆಗಳಿಗೆ ಒಂದು ಹೊರೆಯೂ ಪ್ರಯೋಜನವಾಗಲಿಲ್ಲ, ಏಕೆಂದರೆ ನೂರು ಕುರಿಗೆ ಹುಲ್ಲು ಕೊಯ್ದು ಹಾಕಿ ಸಾಕುವುದು ಯಾರಿಂದಲೂ ಆಗದ ಕೆಲಸ. ಅವರ ಮಂದೆಗಳು ಪಕ್ಕದ ಊರಿನ ಗೋಮಾಳಕ್ಕೆ ಹೋದವು, ಅಲ್ಲಿ ಜಗಳವಾಯಿತು. ಮೂರನೆಯ ವರ್ಷದ ಫೆಬ್ರವರಿಯಲ್ಲಿ, ಕೊಯ್ಯದೆ ಉಳಿದು ಒಣಗಿ ನಿಂತಿದ್ದ ಹಳೆಯ ಹುಲ್ಲಿಗೆ ಬೆಂಕಿ ಬಿದ್ದು ಒಂದೇ ಮಧ್ಯಾಹ್ನದಲ್ಲಿ ನಲವತ್ತು ಎಕರೆಯೂ ಕಪ್ಪಾಯಿತು. ಬೆಂಕಿ ಬಿದ್ದದ್ದು ಹೇಗೆಂದು ಯಾರೂ ಹೇಳಲಿಲ್ಲ. ಊರಿನ ಅರ್ಧ ಜನಕ್ಕೆ ಪ್ರಯೋಜನವಿಲ್ಲದ ಬೇಲಿಯನ್ನು ಊರು ಕಾಯುವುದಿಲ್ಲ ಎಂಬುದು ಮಾತ್ರ ನನಗೆ ಅಂದು ಮನದಟ್ಟಾಯಿತು.

ಮುಚ್ಚಿದ ನೆಲದಲ್ಲಿ ಗುಂಡಿ ತೋಡಿ ಸಸಿ ನೆಡುವ ಯೋಜನೆಯೂ ಜೊತೆಗೇ ಬರುವುದುಂಟು. ಮರವಿಲ್ಲದ ನೆಲವೆಲ್ಲ ಹಾಳು ನೆಲ ಎಂಬ ತಿಳಿವಳಿಕೆಯಿಂದ ಹುಟ್ಟಿದ ತಪ್ಪು ಇದು. ದಾಬಡಘಾವ್ ಮತ್ತು ಶಂಕರನಾರಾಯಣ್ 1973ರಲ್ಲಿ ಭಾರತದ ಹುಲ್ಲುಹೊದಿಕೆಯನ್ನು ಐದು ಬಗೆಯಾಗಿ ವಿಂಗಡಿಸಿದಾಗ ನಮ್ಮ ದಕ್ಷಿಣ ಪ್ರಸ್ಥಭೂಮಿಯನ್ನು ಸೆಹಿಮ ಮತ್ತು ಡೈಕಾಂತಿಯಂ ಹುಲ್ಲುಗಳ ವಲಯಕ್ಕೆ ಸೇರಿಸಿದ್ದರು. ಅಲ್ಲೊಂದು ಕಮರ, ಇಲ್ಲೊಂದು ಬಿಳಿಜಾಲಿ ನಿಂತು ನಡುವೆಲ್ಲ ಹುಲ್ಲು ಹರಡಿರುವುದೇ ಈ ನೆಲದ ಸಹಜ ರೂಪ. ಒತ್ತೊತ್ತಾಗಿ ಸಸಿ ನೆಟ್ಟರೆ ನೆರಳು ಕವಿದು ಹುಲ್ಲು ಸಾಯುತ್ತದೆ.

ತುಂಡು ತುಂಡಾಗಿ ಸುತ್ತಿಸಿ ಮೇಯಿಸುವುದು

ನೆಲವನ್ನು ಎಂಟು ಹತ್ತು ಪಟ್ಟಿಗಳಾಗಿ ಬೇಲಿ ಹಾಕಿ ವಿಂಗಡಿಸಿ, ಮಂದೆಯನ್ನು ಕೆಲವು ದಿನಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಹೋಗುವ ಸರದಿ ಮೇಯಿಸುವಿಕೆಯ ಬಗ್ಗೆ ಈಗ ವಿಡಿಯೋಗಳಲ್ಲೂ ತರಬೇತಿಗಳಲ್ಲೂ ಬಹಳ ಹೇಳುತ್ತಾರೆ. ಫ್ರಾನ್ಸಿನ ಆಂದ್ರೆ ವಾಜಾಂ 1950ರ ದಶಕದಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದರು. ಜಿಂಬಾಬ್ವೆಯ ಆಲನ್ ಸೇವರಿ ಒಣಸೀಮೆಗಳಿಗೂ ಇದೇ ಮದ್ದು ಎಂದು ದಶಕಗಳಿಂದ ಪ್ರಚಾರ ಮಾಡುತ್ತ ಬಂದಿದ್ದಾರೆ. ಆದರೆ ಡೇವಿಡ್ ಬ್ರಿಸ್ಕ್ ಮತ್ತು ಸಂಗಡಿಗರು ಹಲವು ದಶಕಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಜಾನುವಾರುಗಳ ಸಂಖ್ಯೆ ಒಂದೇ ಆಗಿದ್ದಾಗ ಹುಲ್ಲಿನ ಇಳುವರಿಯಲ್ಲಾಗಲಿ ಪ್ರಾಣಿಯ ತೂಕದಲ್ಲಾಗಲಿ ಸರದಿ ಪದ್ಧತಿ ಮುಕ್ತ ಪದ್ಧತಿಗಿಂತ ಮೇಲು ಎನ್ನಲು ಬಹುಪಾಲು ಪ್ರಯೋಗಗಳಲ್ಲಿ ಆಧಾರ ಸಿಗಲಿಲ್ಲ. ಬೇಲಿಗಿಂತ ತಲೆಯೆಣಿಕೆ ಮುಖ್ಯ ಎಂಬುದು ಅದರ ಸಾರ.

ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಇಲ್ಲಿ ಹುಲ್ಲು ನಿಜವಾಗಿ ಬೆಳೆಯುವುದು ಮಳೆಗಾಲದ ಎರಡು ಮೂರು ತಿಂಗಳು ಮಾತ್ರ. ಜನವರಿಯಲ್ಲೋ ಮಾರ್ಚಿಯಲ್ಲೋ ಒಂದು ಪಟ್ಟಿಗೆ ಮೂವತ್ತು ದಿನ ವಿಶ್ರಾಂತಿ ಕೊಟ್ಟರೆ ಅಲ್ಲಿ ಒಂದು ಎಸಳೂ ಹೆಚ್ಚುವುದಿಲ್ಲ. ಬೆಳೆಯದ ಕಾಲದಲ್ಲಿ ಕೊಟ್ಟ ವಿಶ್ರಾಂತಿಯನ್ನು ಹುಲ್ಲು ಬಳಸಿಕೊಳ್ಳಲಾರದು. ಪ್ರತಿ ಪಟ್ಟಿಗೂ ಕುಡಿಯುವ ನೀರು, ಪ್ರತಿ ಪಟ್ಟಿಗೂ ಬೇಲಿ ಬೇಕಾಗುವುದರಿಂದ ಖರ್ಚು ಗ್ರಾಮದ ಕೈಗೆಟುಕುವುದಿಲ್ಲ. ಸ್ವಂತ ಎಂಟು ಹತ್ತು ಎಕರೆ, ಸೋಲಾರ್ ತಂತಿಬೇಲಿ, ಕೊಳವೆಬಾವಿಯ ನೀರು ಇರುವವರಿಗೆ ಈ ಪದ್ಧತಿ ಹೊಂದುತ್ತದೆ. ಅವರಿಗೆ ಇನ್ನೊಂದು ಲಾಭವೂ ಉಂಟು. ಹಿಕ್ಕೆಯಲ್ಲಿ ಬಿದ್ದ ಜಂತುಹುಳುವಿನ ಮೊಟ್ಟೆ ಹಸಿ ವಾತಾವರಣದಲ್ಲಿ ವಾರದೊಳಗೆ ಮರಿಯಾಗಿ ಎಸಳಿಗೆ ಹತ್ತುವುದರಿಂದ, ಅಷ್ಟರೊಳಗೆ ಮಂದೆಯನ್ನು ಮುಂದಿನ ಪಟ್ಟಿಗೆ ದಾಟಿಸಿ, ಬಿಸಿಲಿಗೆ ಮರಿಗಳು ಸಾಯುವವರೆಗೂ ತಿರುಗಿ ತರದಿದ್ದರೆ ಜಂತಿನ ಕಾಟ ಇಳಿಯುತ್ತದೆ.

ಬೀಜದ ಕಾಲಕ್ಕೆ ಮೂರನೆಯ ಒಂದು ಪಾಲು ಬಿಡುವುದು

ಊರೊಟ್ಟಿನ ಗೋಮಾಳಕ್ಕೆ ನಾನು ಸೂಚಿಸುವುದು ಈ ಪದ್ಧತಿಯನ್ನು. ಗೋಮಾಳವನ್ನು ಹಳ್ಳ, ಗಾಡಿದಾರಿ, ಬಂಡೆಸಾಲಿನಂಥ ಎಲ್ಲರಿಗೂ ಗೊತ್ತಿರುವ ಗುರುತುಗಳಿಂದ ಮೂರು ಭಾಗ ಮಾಡಬೇಕು. ಪ್ರತಿ ವರ್ಷ ಒಂದು ಭಾಗಕ್ಕೆ ಮಾತ್ರ ಆಶ್ಲೇಷ ಮಳೆ ಹುಟ್ಟಿದಾಗಿನಿಂದ ಸ್ವಾತಿ ಮುಗಿಯುವವರೆಗೆ, ಅಂದರೆ ಆಗಸ್ಟ್ ಮೊದಲ ವಾರದಿಂದ ನವೆಂಬರ್ ಮೊದಲ ವಾರದವರೆಗೆ, ಯಾವ ಪ್ರಾಣಿಯನ್ನೂ ಬಿಡಬಾರದು. ಉತ್ತರೆ, ಹಸ್ತದ ಮಳೆಯಲ್ಲಿ ಹುಲ್ಲು ತೆನೆ ಬಿಡುತ್ತದೆ, ಚಿತ್ತೆ, ಸ್ವಾತಿಯಲ್ಲಿ ಬೀಜ ಉದುರುತ್ತದೆ. ಆಮೇಲೆ ಆ ಭಾಗವನ್ನು ಮೇಯಲು ತೆರೆಯಬೇಕು. ಮಂದೆ ನಡೆದಾಡಿದಾಗ ಗೊರಸು ಬೀಜವನ್ನು ಮಣ್ಣಿಗೆ ತುಳಿಯುತ್ತದೆ, ನಿಂತ ಒಣಹುಲ್ಲು ತಿಂದು ಮುಗಿಯುವುದರಿಂದ ಬೆಂಕಿಯ ಭಯವೂ ಕಡಿಮೆಯಾಗುತ್ತದೆ. ಮರುವರ್ಷ ಎರಡನೆಯ ಭಾಗ, ಅದರ ಮರುವರ್ಷ ಮೂರನೆಯದು.

ಅಮೆರಿಕದಲ್ಲಿ ಆರ್ಥರ್ ಸ್ಯಾಂಪ್ಸನ್ 1910ರ ದಶಕದಲ್ಲಿ ಆರೆಗಾನ್ ಬೆಟ್ಟಗಳ ಹುಲ್ಲುಗಾವಲಿಗಾಗಿ ರೂಪಿಸಿದ್ದು ಇಂಥದ್ದೇ ಪದ್ಧತಿ. ನಮ್ಮ ನೆಲಕ್ಕೂ ಇದು ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಅಂದರೆ ಅರಮನೆಯ ದನಗಳ ಇಲಾಖೆ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ದನಗಳಿಗೆಂದೇ ಕಾದಿರಿಸಿದ ಹುಲ್ಲುಗಾವಲುಗಳಾದ ಅದರ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ದನಗಳ ಹಿಂಡುಗಳನ್ನು ಕಾಲಕ್ಕೆ ತಕ್ಕಂತೆ ಒಂದರಿಂದ ಒಂದಕ್ಕೆ ನಡೆಸಲಾಗುತ್ತಿತ್ತು. ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹರಡಿದ್ದ ಆ ಕಾವಲುಗಳಲ್ಲಿ ಉಳಿದಿರುವುದು ಇಂದು ಸ್ವಲ್ಪ ಭಾಗ ಮಾತ್ರ. ಆದರೆ ವರ್ಷದ ಒಂದು ಕಾಲದಲ್ಲಿ ನೆಲವನ್ನು ಬಿಡಬೇಕೆಂಬ ತಿಳಿವಳಿಕೆ ಹಳೆಯ ದನಗಾಹಿ ಮನೆಗಳಲ್ಲಿ ಇನ್ನೂ ಉಳಿದಿದೆ.

ಈ ಪದ್ಧತಿಯ ದೌರ್ಬಲ್ಯವನ್ನೂ ಬಚ್ಚಿಡಬಾರದು. ಹೊಲಗಳೆಲ್ಲ ಬೆಳೆಯಿಂದ ತುಂಬಿ ಜಾನುವಾರುಗಳಿಗೆ ಗೋಮಾಳ ಬಿಟ್ಟು ಬೇರೆ ದಾರಿಯಿಲ್ಲದ ತಿಂಗಳುಗಳಲ್ಲೇ ಇದು ಮೂರನೆಯ ಒಂದು ಭಾಗವನ್ನು ಕಿತ್ತುಕೊಳ್ಳುತ್ತದೆ. ಮೊದಲ ವರ್ಷ ಉಳಿದೆರಡು ಭಾಗಗಳ ಮೇಲೆ ಒತ್ತಡ ಏರುತ್ತದೆ. ಅರ್ಧ ಬಿಡದೆ ಮೂರನೆಯ ಒಂದು ಪಾಲು ಮಾತ್ರ ಬಿಡಬೇಕೆನ್ನುವುದು ಇದೇ ಕಾರಣಕ್ಕೆ. ಹಸು ಕಟ್ಟಿರುವ ಮನೆಗಳು ಆ ಮೂರು ತಿಂಗಳು ಬದುವಿನ ಹುಲ್ಲು ಕೊಯ್ದು ಹಾಕಿ, ಗೋಮಾಳವನ್ನು ಕುರಿ ಮೇಕೆಯವರಿಗೆ ಬಿಟ್ಟುಕೊಡಲು ಒಪ್ಪಿದರೆ ತೊಡಕು ಬಹಳ ಮಟ್ಟಿಗೆ ಸಡಿಲವಾಗುತ್ತದೆ. ಬದು ಇರುವುದು ಜಮೀನಿದ್ದವರಿಗೆ, ಆದುದರಿಂದ ಭಾರವೂ ಅವರ ಮೇಲೆಯೇ ಹೆಚ್ಚು ಬೀಳುವುದು ನ್ಯಾಯ.

ಯಾವ ಭಾಗದಿಂದ ಶುರುಮಾಡಬೇಕು ಎಂಬಲ್ಲಿ ಚೌಕಟ್ಟಿನಲ್ಲಿ ಎಣಿಸಿದ ಬುಡಗಳ ಸಂಖ್ಯೆ ಕೆಲಸಕ್ಕೆ ಬರುತ್ತದೆ. ತೀರಾ ಬೋಳಾದ ಭಾಗವನ್ನು ಮೊದಲು ಬಿಡಬೇಕೆಂದು ಎಲ್ಲರಿಗೂ ಅನ್ನಿಸುವುದು ಸಹಜ. ಅದು ಸರಿಯಲ್ಲ. ಮಾರ್ಕ್ ವೆಸ್ಟಬಿ, ಬ್ರಯನ್ ವಾಕರ್ ಮತ್ತು ಇಮಾನ್ಯುಯೆಲ್ ನೋಯ್-ಮೇಯರ್ 1989ರಲ್ಲಿ ಮಂಡಿಸಿದ ವಿಚಾರ ಒಣಸೀಮೆಯ ಹುಲ್ಲುಗಾವಲುಗಳ ಅಧ್ಯಯನದ ದಿಕ್ಕನ್ನೇ ಬದಲಿಸಿತು. ಹುಲ್ಲುಗಾವಲು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊಸ್ತಿಲು ದಾಟಿದಂತೆ ಹೋಗುತ್ತದೆ, ಹಾಗೆ ದಾಟಿದ ಮೇಲೆ ಮೇಯಿಸುವುದನ್ನು ನಿಲ್ಲಿಸಿದ ಮಾತ್ರಕ್ಕೆ ಹಿಂದಿರುಗುವುದಿಲ್ಲ ಎಂದು ಅವರು ತೋರಿಸಿದರು. ಮೇಲ್ಮಣ್ಣು ತೊಳೆದುಹೋಗಿ ಬಳ್ಳಾರಿ ಜಾಲಿ ಕವಿದ ನೆಲ ನಮ್ಮಲ್ಲಿ ಹೊಸ್ತಿಲು ದಾಟಿದ ನೆಲ. ಅಲ್ಲಿ ಬೀಜ ಕೊಡುವ ಬುಡವೇ ಇಲ್ಲದಿರುವಾಗ ವಿಶ್ರಾಂತಿ ಯಾರಿಗೆ? ಚೌಕಕ್ಕೆ ಎರಡು ಮೂರು ಬುಡವಾದರೂ ಉಳಿದಿರುವ ನಡುಮಟ್ಟದ ಭಾಗದಿಂದ ಆರಂಭಿಸಿದರೆ ಎರಡನೆಯ ವರ್ಷಕ್ಕೇ ವ್ಯತ್ಯಾಸ ಕಾಣುತ್ತದೆ. ಕಂಡ ಫಲ ಊರನ್ನು ಜೊತೆಗೆ ಹಿಡಿದಿಡುತ್ತದೆ. ಬೋಳು ಭಾಗಕ್ಕೆ ಬೇರೆ ಕೆಲಸವೇ ಬೇಕು: ಬಳ್ಳಾರಿ ಜಾಲಿಯನ್ನು ಬೇರುಸಹಿತ ಕೀಳಿಸುವುದು, ಇಳಿಜಾರಿಗೆ ಅಡ್ಡಲಾಗಿ ಸಣ್ಣ ಬದು ಹಾಕುವುದು, ಮೊದಲ ಹದಕ್ಕೆ ಅಂಜನ್ ಹುಲ್ಲು ಮತ್ತು ಸ್ಟೈಲೋ ಎಂಬ ದ್ವಿದಳ ಮೇವಿನ ಬೀಜ ಎರಚುವುದು. ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ. ಅದರ ಕಾಯಿ ತಿಂದ ಕುರಿಗಳ ಹಿಕ್ಕೆಯಲ್ಲಿ ಬೀಜ ಎಲ್ಲೆಡೆ ಹರಡುತ್ತದೆ. ಆದುದರಿಂದ ಕಾಯಿ ಬಿಡುವ ಮೊದಲೇ ಕೀಳಿಸಬೇಕು.

ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವುದು ಮತ್ತು ವಲಸೆ

ಸೀಮೆಹುಲ್ಲು ಬೆಳೆದು, ಹಸಿಮೇವನ್ನು ಗಾಳಿಯಾಡದಂತೆ ಹುದುಗಿಸಿ ರಸಮೇವು ಮಾಡಿ, ಹಸುಗಳನ್ನು ಕೊಟ್ಟಿಗೆಯಲ್ಲೇ ಸಾಕುವುದು ಹಾಲಿಗಾಗಿ ಮಿಶ್ರತಳಿ ಕಟ್ಟಿದವರಿಗೆ ಸರಿ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಇದು ಚೆನ್ನಾಗಿ ಬೇರೂರಿದೆ. ಇದಕ್ಕೆ ಬೇಕಾಗುವುದು ನೀರು. ಕೊಳವೆಬಾವಿ ಸಾವಿರ ಅಡಿ ದಾಟಿದ ಊರಿನಲ್ಲಿ ಗೋಮಾಳದ ಬದಲಿಗೆ ಇದನ್ನೇ ಎಲ್ಲರೂ ಮಾಡಲಿ ಎನ್ನುವುದು ಆಗದ ಮಾತು.

ಕಾಡುಗೊಲ್ಲರು, ಕುರುಬರು ತಲೆತಲಾಂತರದಿಂದ ಮಾಡಿಕೊಂಡು ಬಂದ ವಲಸೆಯನ್ನು ಮಾತ್ರ ಹಿಂದುಳಿದ ಪದ್ಧತಿ ಎಂದು ತಳ್ಳಿಹಾಕಬಾರದು. ಕೀನ್ಯಾದ ತುರ್ಕಾನ ಸೀಮೆಯ ಬಗ್ಗೆ ಎಲ್ಲಿಸ್ ಮತ್ತು ಸ್ವಿಫ್ಟ್ 1988ರಲ್ಲಿ ಬರೆದ ಮೇಲೆ, ಮಳೆ ವರ್ಷಕ್ಕೊಂದು ತೆರನಾಗಿ ಬೀಳುವ ಕಡೆ ಮಂದೆಯನ್ನು ಮೇವಿದ್ದಲ್ಲಿಗೆ ನಡೆಸುವುದೇ ಜಾಣತನ ಎಂಬುದನ್ನು ಸಂಶೋಧಕರೂ ಒಪ್ಪುತ್ತ ಬಂದಿದ್ದಾರೆ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ವರ್ಷವೆಂದು ಸಾರಿರುವುದರ ಹಿಂದೆಯೂ ಈ ಮನ್ನಣೆಯಿದೆ. ಬೇಸಿಗೆಯಲ್ಲಿ ಮಂದೆ ನೀರಾವರಿ ಸೀಮೆಗೆ ಹೋಗಿ ಹೊಲಗಳಲ್ಲಿ ರಾತ್ರಿ ತಂಗಿದರೆ ಆ ರೈತನಿಗೆ ಗೊಬ್ಬರ, ಕುರಿಯವರಿಗೆ ಮೇವು ಮತ್ತು ಒಂದಿಷ್ಟು ಹಣ, ಊರ ಗೋಮಾಳಕ್ಕೆ ಬಿಡುವು. ಮೂರನೆಯ ಪಾಲು ಬಿಡುವ ಪದ್ಧತಿಯ ಜೊತೆಗೆ ಇದು ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಮಳೆ ಕೈಕೊಟ್ಟ ವರ್ಷ ಯಾವ ಪದ್ಧತಿಯೂ ತಲೆಯೆಣಿಕೆಯನ್ನು ಇಳಿಸದೆ ಉಳಿಯದು. ಹುಬ್ಬೆ ಮಳೆ ಕಳೆದರೂ, ಅಂದರೆ ಸೆಪ್ಟೆಂಬರ್ ನಡುವಿನ ಹೊತ್ತಿಗೂ, ಹುಲ್ಲು ಗೇಣುದ್ದ ಬಾರದಿದ್ದರೆ ಟಗರುಮರಿಗಳನ್ನೂ ಮುದಿ ಕುರಿಗಳನ್ನೂ ಆಗಲೇ ಅಕ್ಕಿರಾಂಪುರದ ಸಂತೆಗೆ ಹೊಡೆಯುವುದು ಲೇಸು. ಎಲ್ಲರೂ ಒಟ್ಟಿಗೆ ಮಾರುವ ಫೆಬ್ರವರಿಗೆ ಕುರಿಯ ಮೈಯೂ ಇಳಿದಿರುತ್ತದೆ, ಬೆಲೆಯೂ ಇಳಿದಿರುತ್ತದೆ.

ಆರಿಸುವವರು ಯಾರು

ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಎಲ್ಲರ ಸೊತ್ತು ಹಾಳಾಗಿಯೇ ತೀರುತ್ತದೆ ಎಂದು ವಾದಿಸಿದಾಗ ಉದಾಹರಣೆಯಾಗಿ ಕೊಟ್ಟದ್ದು ಗೋಮಾಳವನ್ನೇ. ಎಲಿನರ್ ಆಸ್ಟ್ರಮ್ ಜಗತ್ತಿನ ಅನೇಕ ಹಳ್ಳಿಗಳನ್ನು ಅಧ್ಯಯನ ಮಾಡಿ ಅದು ಎಲ್ಲ ಕಡೆಗೂ ಸಲ್ಲದು ಎಂದು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗಡಿ ಸ್ಪಷ್ಟವಾಗಿರುವ, ನಿಯಮವನ್ನು ಬಳಸುವವರೇ ಮಾಡಿಕೊಂಡಿರುವ, ತಮ್ಮವರೇ ಕಾಯುವ, ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮಾಡಿದರೆ ಹೆಚ್ಚಿನ ದಂಡ ಎಂಬ ಕ್ರಮವಿರುವ ಕಡೆ ಊರೊಟ್ಟಿನ ಸೊತ್ತು ಬಾಳಿಕೆ ಬಂದಿದೆ. ಆದುದರಿಂದ ಸಭೆ ಪಂಚಾಯಿತಿ ಕಚೇರಿಯಲ್ಲಿ ನಡೆಯುವುದಕ್ಕಿಂತ ಹಟ್ಟಿಯ ಮುಂದೆ, ಕುರಿಗಳು ರೊಪ್ಪಕ್ಕೆ ಸೇರಿದ ಮೇಲಿನ ಹೊತ್ತಿನಲ್ಲಿ ನಡೆಯುವುದು ಒಳ್ಳೆಯದು. ಹಗಲಿನಲ್ಲಿ ಕರೆದ ಸಭೆಗೆ ಕುರಿ ಕಾಯುವವರು ಬರಲಾರರು, ಅವರಿಲ್ಲದೆ ಮಾಡಿದ ನಿಯಮಕ್ಕೆ ಅವರು ಬದ್ಧರೂ ಅಲ್ಲ.

ನೂರು ಎಕರೆಗಿಂತ ಹೆಚ್ಚು ಗೋಮಾಳ ಉಳಿದು, ಕುರಿ ದನ ಎರಡೂ ಇರುವ ಊರಿಗೆ ಮೂರನೆಯ ಪಾಲು ಬಿಡುವುದು ಸರಿಯಾದ ಆಯ್ಕೆ. ಇಪ್ಪತ್ತು ಮೂವತ್ತು ಎಕರೆ ಮಾತ್ರ ಉಳಿದು, ಬಹುತೇಕ ಮನೆಗಳಲ್ಲಿ ಹಸುವೇ ಇರುವ ಊರು ಅದನ್ನು ಪೂರ್ತಿ ಮುಚ್ಚಿ, ಮನೆಗಿಷ್ಟು ಎಂದು ಹಂಚಿಕೊಂಡು ಪ್ರತಿ ವರ್ಷ ತಪ್ಪದೆ ಕೊಯ್ಯಬಹುದು. ಯಾವುದನ್ನು ಆರಿಸಿದರೂ ಪ್ರತಿ ನವೆಂಬರಿನಲ್ಲಿ ಅದೇ ಜಾಗಗಳಲ್ಲಿ ಅದೇ ಚೌಕಟ್ಟನ್ನಿಟ್ಟು ತೂಗಿ, ಬುಡಗಳನ್ನು ಎಣಿಸಿ, ಆ ವರ್ಷದ ಮಳೆಯ ಅಳತೆಯ ಪಕ್ಕದಲ್ಲಿ ಬರೆದಿಡಬೇಕು. ಮೂರು ಭಾಗಗಳಿಗೂ ಒಂದೊಂದು ಸರದಿ ಸಿಗಲು ಮೂರು ಮಳೆಗಾಲ ಹಿಡಿಯುವುದರಿಂದ, ಆ ಪುಸ್ತಕದಲ್ಲಿ ನಾಲ್ಕನೆಯ ವರ್ಷದ ಸಾಲು ತುಂಬುವವರೆಗೂ ಪದ್ಧತಿಯನ್ನು ಬದಲಿಸುವ ಮಾತನ್ನು ಸಭೆಗೆ ತರಬಾರದು.